ಗೋಡೆಗುಂಟ ಕಣಗಿಲೆ, ಗೋಡೆಯ ಮೇಲೆ ಬೆಕ್ಕು

ಸಂಶಿಯ ನಮ್ಮ ಮನೆಯ ಗೋಡೆಗುಂಟ ಕಣಗಿಲೆ ಗಿಡಗಳಿವೆ. ಅಮ್ಮಿ ಅವನ್ನೇ ಹಚ್ಚಿದ್ದಕ್ಕೆ ಕಾರಣವಿದೆ: ಎರೆಭೂಮಿಯ ಬೇಸಿಗೆಗೂ ಬಾಡುವುದಿಲ್ಲ, ಆಡು ಬಾಯಿ ಹಾಕುವುದಿಲ್ಲ. ಆಡು ಏಕೆ ಮುಟ್ಟುವುದಿಲ್ಲ ಎಂದು ಮಾತ್ರ ನಾವು ಯಾರೂ ಕೇಳಿರಲಿಲ್ಲ. ಎಲೆ, ಹೂ, ಬೇರು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುತ್ತದೆ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ಪ್ರಸಾದದಲ್ಲಿ ಈ ಹೂವಿನ ಬಳಕೆಯನ್ನೇ ನಿಲ್ಲಿಸಿತು.

ಓಣಿಯ ಬೆಕ್ಕುಗಳು ನಮ್ಮ ಗೋಡೆಯ ಮೇಲೇ ಓಡಾಡುತ್ತವೆ. "ಬೆಕ್ಕು ಎಲೆ ತಿಂತದೇನು?" ಎಂದರು ಅಮ್ಮಿ. ಹುಲ್ಲು ಕಡಿಯುವುದನ್ನು ನಾನೇ ನೋಡಿದ್ದೇನೆ; ಮರಿಗಳಂತೂ ಸಿಕ್ಕಿದ್ದನ್ನೆಲ್ಲ ಕಚ್ಚುತ್ತವೆ. ಕಣಗಿಲೆ ಕಹಿ, ಹೆಚ್ಚು ತಿನ್ನಲಿಕ್ಕಿಲ್ಲ, ನಿಜ. ಆದರೆ ಅಷ್ಟು ಸಣ್ಣ ಜೀವಕ್ಕೆ ಹೆಚ್ಚು ಬೇಕಾಗಿಯೂ ಇಲ್ಲ. ಸಮಾರಂಭದ ಹೂಗುಚ್ಛದಲ್ಲಿರುವ ಲಿಲ್ಲಿ ಬೆಕ್ಕಿಗೆ ಇನ್ನೂ ಅಪಾಯ: ಮೈಗೆ ಹತ್ತಿದ ಪರಾಗವನ್ನು ನೆಕ್ಕಿದರೂ ಮೂತ್ರಪಿಂಡ ಕೆಡುತ್ತದೆ.

"ಅದೇನು ನಮ್ಮ ಬೆಕ್ಕೇ?" ಎನ್ನುವವರಿದ್ದಾರೆ. ನಮ್ಮ ಜೋಳದ ಚೀಲದ ಹತ್ತಿರ ಇಲಿ ಹಿಡಿದಾಗ ಅದು ಯಾರ ಬೆಕ್ಕೆಂದು ಕೇಳಿದ್ದೇವೆಯೇ? ಲಾಭ ನಮ್ಮ ಖಾತೆಗೆ, ನಷ್ಟ ಓಣಿಯ ಖಾತೆಗೆ ಬರೆದರೆ ಅಕೌಂಟೆನ್ಸಿ ಸರ್ ಸೊನ್ನೆ ಕೊಡುತ್ತಾರೆ.

ಎಲ್ಲವನ್ನೂ ಕಿತ್ತುಹಾಕಿ ಎನ್ನುತ್ತಿಲ್ಲ (ಅಮ್ಮಿಯೂ ಇದನ್ನು ಓದುತ್ತಾರೆ). ಕತ್ತರಿಸಿದ ಟೊಂಗೆಗಳನ್ನು ಓಣಿಗೆ ಎಸೆಯಬೇಡಿ, ಒಣಗಿದರೂ ವಿಷ ಹೋಗುವುದಿಲ್ಲ. ಸುಡಲೂ ಬೇಡಿ, ಹೊಗೆಯೂ ಕೆಟ್ಟದ್ದು. ಹೊಸದಾಗಿ ಹಚ್ಚುವುದಿದ್ದರೆ ಗುಲಾಬಿ, ಮಲ್ಲಿಗೆ ಇವೆ. ನಮ್ಮ ಗೇಟಿನ ಹತ್ತಿರದ ಎರಡು ಕಣಗಿಲೆ ಹೋಗಿ ಈಗ ಮಲ್ಲಿಗೆ ಬಂದಿದೆ. ಆಡು ಆಗಲೇ ಒಮ್ಮೆ ಮೇದು ಹೋಗಿದೆ. ಅಮ್ಮಿ ನನ್ನ ಜೊತೆ ಮಾತು ಬಿಟ್ಟು ಎರಡು ದಿನವಾಯಿತು.