ಸ್ಲೈಡ್ ಓಡಿಸಬೇಡಿ ಸಾರ್, ಪೆನ್ನು ಹಿಡಿಯಿರಿ

ಗಡಿನಾಡಿನ ಗೆಳೆಯರೇ,

ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಆಮೇಲೆ ಬಿಎಸ್ಸಿಗೆ ಸೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೊಜೆಕ್ಟರ್ ಆನ್ ಆಗ್ತದೆ. ಹತ್ತು ಸಾಲಿನ ಡೆರಿವೇಶನ್ ಒಂದೇ ಏಟಿಗೆ ಗೋಡೆ ಮೇಲೆ ಬಂದು ನಿಲ್ತದೆ. ಸರ್ ಅದನ್ನು ಇಂಗ್ಲಿಷಿನಲ್ಲಿ ಓದ್ತಾರೆ, ನಡುವೆ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಒಂದು ವಿವರಣೆ, ಒಂದು ತಮಾಷೆ. ಪಕ್ಕದ ಬೆಂಚು ನಗುತ್ತದೆ. ನಾವಿನ್ನೂ ಮೂರನೇ ಸಾಲು ಬರ್ಕೊಳ್ತಾ ಇರ್ತೇವೆ, ಅಷ್ಟರಲ್ಲಿ ಮುಂದಿನ ಸ್ಲೈಡ್ ಬಂದಾಯ್ತು.

ಇದಕ್ಕೆ "ಕನ್ನಡ ಮೀಡಿಯಂ ಹುಡುಗರು, ಸ್ವಲ್ಪ ವೀಕು" ಅಂತ ಹೆಸರಿಡುವವರಿದ್ದಾರೆ. ನಾವು ಒಪ್ಪೋದಿಲ್ಲ. ಬಲ ಎಂದರೇನು, ಸಂವೇಗ ಎಂದರೇನು, ವೇಗೋತ್ಕರ್ಷ ಎಂದರೇನು ಅಂತ ನಮ್ಮ ಶಾಲೆಯ ಟೀಚರ್ ಚೆನ್ನಾಗಿಯೇ ಕಲಿಸಿದ್ದಾರೆ. ಮೊಮೆಂಟಮ್ ಅಂದರೆ ಅದೇ ಸಂವೇಗ ಅಂತ ತಲೆಯೊಳಗೆ ಜೋಡಿಸಿಕೊಳ್ಳೋಕೆ ನಮಗೆ ಎರಡು ಸೆಕೆಂಡು ಬೇಕು. ಆ ಎರಡು ಸೆಕೆಂಡನ್ನು ಸ್ಲೈಡ್ ಕೊಡೋದಿಲ್ಲ. ಕೈಬರಹ ಕೊಡ್ತದೆ. ನಮ್ಮ ತಕರಾರು ಇಷ್ಟೇ: ಕಾಲೇಜಿನಲ್ಲಿ ವಿಜ್ಞಾನದ ಪಾಠ ಬರೆಯುವ ಕೈಯ ವೇಗದಲ್ಲಿ ನಡೆಯಬೇಕು. ದೊಡ್ಡ ಕ್ಲಾಸಿನಲ್ಲಿ ಬೋರ್ಡು ಹಿಂದಿನ ಬೆಂಚಿಗೆ ಕಾಣೋದಿಲ್ಲ ಅನ್ನುವುದಾದರೆ ಪೆನ್ ಟ್ಯಾಬ್ಲೆಟ್ ತನ್ನಿ.

ಸಾವಯವ ರಸಾಯನಶಾಸ್ತ್ರವನ್ನೇ ತಗೊಳ್ಳಿ. ಬೆಂಜೀನಿನ ನೈಟ್ರೇಶನ್. ಸ್ಲೈಡಿನಲ್ಲಿ ಉಂಗುರ, ಪ್ಲಸ್ಸು, ಬಾಣ, ಉತ್ಪನ್ನ ಎಲ್ಲಾ ಒಟ್ಟಿಗೆ ರಂಗೋಲಿ ಹಾಗೆ ಬಿದ್ದಿರ್ತದೆ. ಯಾವ ಬಾಣ ಮೊದಲು, ಯಾವುದು ಆಮೇಲೆ? ಗೊತ್ತಾಗೋದಿಲ್ಲ. ಅದೇ ಪೆನ್ನಿನಲ್ಲಿ ಬರೆದು ತೋರಿಸಿ: ಉಂಗುರದ ಎಲೆಕ್ಟ್ರಾನ್ ಜೋಡಿಯಿಂದ ಬಾಣ ಹೊರಡ್ತದೆ, ಬಾಗಿ ಬಂದು ನೈಟ್ರೋನಿಯಂ ಅಯಾನಿನ ನೈಟ್ರೋಜನ್ನನ್ನು ಮುಟ್ತದೆ. ಆಮೇಲೆ ಕಾರ್ಬನ್-ಹೈಡ್ರೋಜನ್ ಬಂಧದಿಂದ ಇನ್ನೊಂದು ಬಾಣ ಉಂಗುರಕ್ಕೆ ಮರಳ್ತದೆ, ಪ್ರೋಟಾನ್ ಕಳಚಿಕೊಳ್ತದೆ. ಬಾಣ ಎಲ್ಲಿ ಹುಟ್ಟಿ ಎಲ್ಲಿ ಮುಗಿಯಿತು ಅನ್ನುವುದೇ ಇಲ್ಲಿ ಪಾಠ. ಅದು ಕಣ್ಣಿಗೆ ಕಂಡರೆ ಸರ್ ಯಾವ ಭಾಷೆಯಲ್ಲಿ ಮಾತಾಡಿದರೂ ಅರ್ಧ ತಿಳೀತದೆ. ಗ್ರಾಫ್ ಕೂಡ ಹಾಗೆಯೇ. ಮೊದಲು ಅಕ್ಷ, ಆಮೇಲೆ ಬಿಂದು, ಕೊನೆಗೆ ಗೆರೆ. ಮೈನಸ್ ಚಿಹ್ನೆ ಸರ್ ಕೈಯಲ್ಲೇ ತಪ್ಪಿದಾಗ ಹಿಂದಿನ ಬೆಂಚಿನವ ಕೂಗಿ ಹೇಳ್ತಾನಲ್ಲ, ಆ ದಿನದ ಪಾಠ ವರ್ಷವಿಡೀ ಮರೆಯೋದಿಲ್ಲ. ಸ್ಲೈಡು ತಪ್ಪೋದೂ ಇಲ್ಲ, ತಪ್ಪಿದರೂ ಯಾರೂ ಹಿಡಿಯೋದಿಲ್ಲ.

ಇದೇನು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಪೆನ್ನಿನಿಂದ ಪರದೆ ಮೇಲೆ ಬರೆಯುವ ಟ್ಯಾಬ್ಲೆಟ್ ಪಿಸಿಯನ್ನು ಮೈಕ್ರೋಸಾಫ್ಟ್ 2002ರ ಕೊನೆಗೇ ಮಾರುಕಟ್ಟೆಗೆ ತಂದಿತ್ತು. ಅಮೆರಿಕದ ವರ್ಜೀನಿಯಾ ಟೆಕ್ ತನ್ನ ಎಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಸೇರುವ ಪ್ರತಿಯೊಬ್ಬರ ಹತ್ತಿರವೂ ಇಂಥದೊಂದು ಇರಲೇಬೇಕು ಅಂತ 2006ರಲ್ಲಿ ಕಡ್ಡಾಯ ಮಾಡಿತು. ಅದೇ ವರ್ಷ ಸಲ್ಮಾನ್ ಖಾನ್ ಅನ್ನುವವರು (ಸಿನಿಮಾದವರಲ್ಲ!) ಕಪ್ಪು ಪರದೆ ಮೇಲೆ ಬಣ್ಣದ ಗೆರೆ ಎಳೆದು ಪಾಠ ಹೇಳಿ ಯೂಟ್ಯೂಬಿಗೆ ಹಾಕತೊಡಗಿದರು. ಮುಖ ಕಾಣದು. ಕಾಣುವುದು ಬರಹ, ಕೇಳುವುದು ದನಿ. ಅದೇ ಮುಂದೆ ಖಾನ್ ಅಕಾಡೆಮಿ ಆಯ್ತು.

ಆದರೆ ನಮಗೆ ಅತಿ ಮುಖ್ಯವಾಗಿ ಕಾಣುವುದು ವಾಷಿಂಗ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಆಂಡರ್ಸನ್ ಮತ್ತು ಜೊತೆಗಾರರು ಮಾಡಿದ ಕ್ಲಾಸ್‌ರೂಮ್ ಪ್ರೆಸೆಂಟರ್ ಎಂಬ ತಂತ್ರಾಂಶ. ಅದರಲ್ಲಿ ಮೇಷ್ಟ್ರ ಕೈಯಲ್ಲಿ ಮಾತ್ರವಲ್ಲ, ವಿದ್ಯಾರ್ಥಿ ಕೈಯಲ್ಲೂ ಪೆನ್ನು. ಲೆಕ್ಕ ಕೊಟ್ಟರೆ ಹುಡುಗರು ತಮ್ಮ ಟ್ಯಾಬ್ಲೆಟ್ಟಿನಲ್ಲಿ ಬಿಡಿಸಿ ಮೇಷ್ಟ್ರಿಗೆ ಕಳಿಸ್ತಾರೆ. ಮೇಷ್ಟ್ರು ನಾಲ್ಕಾರು ಉತ್ತರ ಆರಿಸಿ, ಹೆಸರು ಹೇಳದೆ ಪರದೆ ಮೇಲೆ ಹಾಕಿ, ಎಲ್ಲಿ ಸರಿ ಎಲ್ಲಿ ಎಡವಟ್ಟು ಅಂತ ಚರ್ಚೆ ಮಾಡ್ತಾರೆ. ಹೆಸರು ಹೇಳದೆ! ಕ್ಲಾಸಿನಲ್ಲಿ ಎದ್ದು ನಿಂತು ಬಾರದ ಭಾಷೆಯಲ್ಲಿ ಡೌಟ್ ಕೇಳೋಕೆ ಹೆದರಿ ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಉಚ್ಚಾರ ತಪ್ಪಿದರೆ ನಗ್ತಾರೆ ಅಂತ ಸುಮ್ಮನಾದವಳು ಬರೆದ ಸಮೀಕರಣಕ್ಕೆ ಉಚ್ಚಾರವೇ ಇಲ್ಲ. ಅದು ಸರಿ ಅಥವಾ ತಪ್ಪು, ಅಷ್ಟೇ. ಕಾಸರಗೋಡಿನವಳೋ ಕೊಚ್ಚಿಯವಳೋ ಅಂತ ಯಾರೂ ಕೇಳೋದಿಲ್ಲ.

ಈಗ ಎದುರಾಡುವವರ ಮಾತಿಗೆ ಬರೋಣ.

"ಬರೀತಾ ಕೂತರೆ ಸಿಲಬಸ್ ಮುಗಿಯೋದಿಲ್ಲ" ಅಂತಾರೆ. ಸ್ಲೈಡಿನಲ್ಲಿ ಮುಗಿದದ್ದು ಯಾರಿಗೆ ಸಾರ್? ನಿಮಗೆ ಮುಗಿದಿದೆ, ನಮಗೆ ಶುರುವೇ ಆಗಿಲ್ಲ.

"ಚಾಕ್‌ಪೀಸು ಸಾಕಲ್ಲ, ಇದೆಲ್ಲ ಯಾಕೆ?" ಬೋರ್ಡಿನ ತುಂಬಾ ನೀಟಾಗಿ ಬರೆದು ಕಲಿಸುವ ಮೇಷ್ಟ್ರಿಗೆ ನಮ್ಮ ನಮಸ್ಕಾರ, ಅವರ ಮೇಲೆ ದೂರಿಲ್ಲ. ಆದರೆ ಒರೆಸಿದ ಬೋರ್ಡು ವಾಪಸ್ ಬರೋದಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಬರೆದದ್ದು ಸಂಜೆಗೆ ಪಿಡಿಎಫ್ ಆಗಿ ಕ್ಲಾಸಿನ ಗ್ರೂಪಿಗೆ ಬರ್ತದೆ. ಮಳೆಗೆ ಬಸ್ಸು ತಪ್ಪಿ ಕ್ಲಾಸು ಹೋದವನಿಗೂ ಸಿಗ್ತದೆ. ಬರಹದ ಜೊತೆ ದನಿಯನ್ನೂ ರೆಕಾರ್ಡ್ ಮಾಡಿದರೆ ರಾತ್ರಿ ಕೂತು ತಿರುಗಿ ಕೇಳಬಹುದು, ತಿಳಿಯದ ಪದದ ಹತ್ತಿರ ನಿಲ್ಲಿಸಬಹುದು.

"ಖರ್ಚು?" ಪರದೆ ಇಲ್ಲದ, ಕಂಪ್ಯೂಟರಿಗೆ ತಂತಿಯಿಂದ ಜೋಡಿಸುವ ಪೆನ್ ಪ್ಯಾಡು 3-4 ಸಾವಿರ ರೂಪಾಯಿಗೆ ಸಿಗ್ತದೆ. ಕೈ ಮೇಜಿನ ಮೇಲೆ, ಕಣ್ಣು ಪರದೆ ಮೇಲೆ. ಮೊದಲ ವಾರ ಅಕ್ಷರ ಸೊಟ್ಟಗಾಗ್ತದೆ, ಆಮೇಲೆ ಕೈ ಪಳಗ್ತದೆ. ಬರೆಯೋಕೆ ಓಪನ್‌ಬೋರ್ಡ್, ಎಕ್ಸ್‌ಜರ್ನಲ್ ಪ್ಲಸ್ ಪ್ಲಸ್, ರೆಕಾರ್ಡ್ ಮಾಡೋಕೆ ಓಬಿಎಸ್. ಮೂರೂ ಉಚಿತ. ಲಕ್ಷ ಕೊಟ್ಟು ಸ್ಮಾರ್ಟ್ ಬೋರ್ಡ್ ತಂದು, ರಿಬ್ಬನ್ ಕತ್ತರಿಸಿ, ಫೋಟೋ ಹಾಕಿ, ಅದರ ಮೇಲೂ ಮತ್ತೆ ಅದೇ ಸ್ಲೈಡ್ ಓಡಿಸುವವರು ಖರ್ಚಿನ ಮಾತಾಡಬಾರದು. ಸ್ಲೈಡೇ ಬೇಡ ಅಂತಲೂ ನಾವು ಹೇಳೋದಿಲ್ಲ. ಜೀವಕೋಶದ ಸೂಕ್ಷ್ಮದರ್ಶಕ ಚಿತ್ರವನ್ನು ಕೈಯಲ್ಲಿ ಬರೆಯೋಕೆ ಆಗ್ತದಾ? ಚಿತ್ರ ಹಾಕಿ, ಅದರ ಮೇಲೆ ಪೆನ್ನಿನಿಂದ ಗುರುತು ಮಾಡಿ ಹೇಳಿ. ವಿದ್ಯಾರ್ಥಿಗೆಲ್ಲಾ ಟ್ಯಾಬ್ ಹಂಚಿ ಮೇಷ್ಟ್ರ ಕೈಗೆ ಪೆನ್ನು ಕೊಡದ ಯೋಜನೆ ಮಾತ್ರ ಬೇಡ.

ಇನ್ನು ನಮ್ಮ ಪಾಲಿನ ಕೆಲಸ. ಪೆನ್ನಿಗೆ ಫಾಂಟ್ ಬೇಡ, ಯೂನಿಕೋಡ್ ಗೋಳಿಲ್ಲ, ಒತ್ತಕ್ಷರ ಒಡೆಯೋದಿಲ್ಲ. ಸಮೀಕರಣದ ಪಕ್ಕದಲ್ಲೇ ಕನ್ನಡ ಬರೀಬಹುದು. ಸಮೀಕರಣ ಇದ್ದ ಹಾಗೇ ಇರಲಿ, ವಿವರಣೆಯ ದನಿ ಕನ್ನಡದ್ದಾಗಲಿ. ಕನ್ನಡಕ್ಕೆ ಅಷ್ಟು ತ್ರಾಣ ಇದೆಯಾ ಅಂತ ಯಾರಾದರೂ ಕೇಳಿದರೆ ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರು ಹೇಳಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸ್ತಿದ್ದ ಅವರು 1918ರಲ್ಲೇ 'ವಿಜ್ಞಾನ' ಅನ್ನುವ ಕನ್ನಡ ಮಾಸಪತ್ರಿಕೆ ಹೊರಡಿಸಿದವರು. ಅವರ ಕಾಲಕ್ಕೆ ಅಚ್ಚುಮೊಳೆ ಜೋಡಿಸಬೇಕಿತ್ತು. ನಮಗೆ ಒಂದು ಪ್ಯಾಡು, ಒಂದು ಮೈಕು ಸಾಕು.

ಬಿಎಸ್ಸಿಯಲ್ಲಿರುವವರು ನಿಮ್ಮ ವಿಭಾಗದ ಮುಖ್ಯಸ್ಥರಿಗೆ ಒಂದು ಅರ್ಜಿ ಕೊಡಿ. ಮೂರೇ ಸಾಲು: ಡೆರಿವೇಶನ್ ಬರೆದು ತೋರಿಸಿ, ಬರೆದದ್ದನ್ನು ಅದೇ ದಿನ ಪಿಡಿಎಫ್ ಕಳಿಸಿ, ಡೌಟನ್ನು ಹೆಸರಿಲ್ಲದೆ ಬರೆದು ಕಳಿಸೋಕೆ ದಾರಿ ಮಾಡಿ. ಕನ್ನಡದವರು ಮಾತ್ರ ಸಹಿ ಹಾಕಬೇಡಿ, ಪಕ್ಕದ ಬೆಂಚಿನವರನ್ನೂ ಕೇಳಿ. ಸ್ಲೈಡ್ ಅವರನ್ನೂ ಹಿಂದೆ ಬಿಟ್ಟೇ ಓಡ್ತಿದೆ. ಎಂಎಸ್ಸಿ ಮುಗಿಸಿದ ಅಣ್ಣ-ಅಕ್ಕಂದಿರು ಒಬ್ಬೊಬ್ಬರು ಒಂದೊಂದು ಪಾಠ ಹಿಡಿದು, ಪೆನ್ನಿನಿಂದ ಬರೆದು, ಕನ್ನಡದಲ್ಲಿ ಹೇಳಿ 15 ನಿಮಿಷ ರೆಕಾರ್ಡ್ ಮಾಡಿ. ಬರೀ ಗೆರೆ ಮತ್ತು ದನಿ ಇರುವ ವಿಡಿಯೋ, ಸೈಜು ಕಮ್ಮಿ; ತಾಳವಾಡಿ ಗುಡ್ಡದ ನೆಟ್‌ವರ್ಕಿನಲ್ಲೂ ಇಳೀತದೆ.

ಥರ್ಮೋಡೈನಾಮಿಕ್ಸಿನ ಮೊದಲ ನಿಯಮದಿಂದ ಶುರು ಮಾಡೋಣ. ಅಕ್ಕಲಕೋಟೆ, ಜತ್ತ, ಆದವಾನಿ, ಮಂಜೇಶ್ವರ, ಹೊಸೂರು, ಯಾರು ಯಾವ ಪಾಠ ತಗೊಳ್ತೀರಿ, ಕೆಳಗೆ ಹೇಳಿ.