ವೇಗವೋ? ಬಾಳಿಕೆಯೋ?

ಗಣಕಯಂತ್ರವನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲನೆಯ ಪ್ರಶ್ನೆ ‘ಪ್ರೊಸೆಸರ್ ಯಾವುದು?’ ಎಂಬುದು, ಎರಡನೆಯದು ‘ಬೆಲೆ ಎಷ್ಟು?’ ಎಂಬುದು. ಎಲ್ಲ ಭಾಗಗಳನ್ನೂ ತನ್ನ ಮೈಮೇಲೆ ಹೊತ್ತು, ಒಂದಕ್ಕೊಂದನ್ನು ಹೊಂದಿಸಿ ನಡೆಸುವ ಮದರ್‌ಬೋರ್ಡಿನ ಬಗೆಗೆ ವಿಚಾರಿಸುವವರು ವಿರಳ. ತಾಯಿಯ ಹೆಸರನ್ನು ಪಡೆದ ವಸ್ತುವಿಗೆ ತಾಯಿಗೆ ಸಲ್ಲುವ ಉಪೇಕ್ಷೆಯೂ ಸಂದಿದೆ ಎಂದರೆ ತಪ್ಪಾಗಲಾರದು.

ಈ ವಿಚಾರ ನಮ್ಮ ಮನಸ್ಸಿಗೆ ಬಂದುದು ಕಳೆದ ಬೇಸಗೆಯ ರಜೆಯಲ್ಲಿ. ವಿಜಯವಾಡದ ಪಟಮಟದಲ್ಲಿ ನಮ್ಮ ಸೋದರಮಾವನವರು ನೆಲಸಿದ್ದಾರೆ. ಬಳ್ಳಾರಿಯಿಂದ ಅಲ್ಲಿಗೆ ಹೋದ ಅವರು ನೆರೆಯ ಆಟೋನಗರದಲ್ಲಿ ಲಾರಿಗಳ ದುರಸ್ತಿಯ ಕೆಲಸ ಮಾಡುತ್ತಾರೆ. ಅವರ ಹಿರಿಯ ಮಗ, ನಮ್ಮ ಭಾವ, ಮನೆಯವರು ಕೂಡಿಟ್ಟ ಹಣದಿಂದ ಒಂದು ಗಣಕವನ್ನು ಜೋಡಿಸಿಕೊಂಡಿದ್ದ. ಅದರ ವೇಗವನ್ನು ತಯಾರಕರು ಗೊತ್ತುಮಾಡಿದ ಮಿತಿಗಿಂತ ಮೇಲಕ್ಕೇರಿಸಿ, ಅದನ್ನು ನಮಗೆಲ್ಲ ಅಭಿಮಾನದಿಂದ ತೋರಿಸಿದ. ಮೇ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಉಷ್ಣತೆ 40 ಡಿಗ್ರಿಯನ್ನು ಮೀರಿದ್ದಾಗ, ಆತ ಕಾಲೇಜಿನ ಅರ್ಜಿಯನ್ನು ತುಂಬಲು ಕುಳಿತ. ಯಂತ್ರ ತಟ್ಟನೆ ಆರಿಹೋಯಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. ಹೀಗೆ ಮೂರು ಬಾರಿ ಆಯಿತು. ಅರ್ಜಿಗೆ ಅದೇ ಕಡೆಯ ದಿನ. ಕೊನೆಗೆ ವೇಗವನ್ನು ಮೊದಲಿನ ಮಿತಿಗೆ ಇಳಿಸಿದ ಮೇಲೆಯೇ ಕೆಲಸ ಮುಗಿದುದು.

ಹೀಗಾಗಲು ಕಾರಣವೇನು? ಪ್ರೊಸೆಸರಿನೊಳಗೆ ಒಂದು ಮಿಡಿತವುಂಟು. 3.6 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 360 ಕೋಟಿ ಮಿಡಿತಗಳು. ಈ ಮಿಡಿತವನ್ನು ಗೊತ್ತಾದ ಮಿತಿಗಿಂತ ಹೆಚ್ಚಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಮಿಡಿತ ಹೆಚ್ಚಿದಾಗ ಪ್ರೊಸೆಸರ್ ತಪ್ಪದೆ ನಡೆಯಲು ಬಹುಮಟ್ಟಿಗೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಅದು ಬಳಸುವ ವಿದ್ಯುತ್ತು ವೇಗದ ಪ್ರಮಾಣದಲ್ಲಿಯೂ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ಎರಡನ್ನೂ ನೂರಕ್ಕೆ ಹತ್ತರಂತೆ ಹೆಚ್ಚಿಸಿದರೆ ಶಾಖ ಹೆಚ್ಚುವುದು ನೂರಕ್ಕೆ ಹತ್ತರಷ್ಟಲ್ಲ, ಸುಮಾರು ಮೂವತ್ತಮೂರರಷ್ಟು! 65 ವಾಟ್ ಬಳಸುತ್ತಿದ್ದ ಪ್ರೊಸೆಸರ್ 86 ವಾಟಿನ ಸಮೀಪಕ್ಕೆ ಬರುತ್ತದೆ. ಫ್ಯಾನು ಎಷ್ಟೇ ತಿರುಗಲಿ, ಕೋಣೆಯ ಗಾಳಿಗಿಂತ ತಂಪಾಗಿ ಏನನ್ನೂ ಇಡಲಾರದು. ಆದುದರಿಂದ ತಂಪು ದೇಶದವರು ಹೊಗಳಿದ ವೇಗ ಪಟಮಟದ ಬೇಸಗೆಗೆ ಒಗ್ಗಬೇಕೆಂದಿಲ್ಲ.

ಇಲ್ಲಿಯೇ ಮದರ್‌ಬೋರ್ಡಿನ ಪಾತ್ರ ಬರುತ್ತದೆ. ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸಿಕೊಡುವ ಭಾಗ ಅದರಲ್ಲಿದೆ, ಅದಕ್ಕೆ ವಿ.ಆರ್.ಎಂ. ಎನ್ನುತ್ತಾರೆ. 65 ವಾಟಿಗೇ ಅದರ ಮೂಲಕ 50 ಆಂಪಿಯರಿಗೂ ಮಿಕ್ಕ ವಿದ್ಯುತ್ತು ಹರಿಯಬೇಕು. ಓವರ್‌ಕ್ಲಾಕಿಂಗಿಗೆಂದೇ ಮಾಡಿದ ಬೋರ್ಡುಗಳಲ್ಲಿ ಈ ಭಾಗವನ್ನು ಹಲವು ಕವಲುಗಳಾಗಿ ಹಂಚಿ, ಮೇಲೆ ಲೋಹದ ದಪ್ಪ ಶಾಖಹಾರಿಗಳನ್ನು ಕೂರಿಸಿರುತ್ತಾರೆ. ದಿನಬಳಕೆಯ ಬೋರ್ಡುಗಳಲ್ಲಿ ಕವಲುಗಳು ಕಡಿಮೆ. ಶಾಖಹಾರಿ ಕೆಲವೊಮ್ಮೆ ಇರುವುದೇ ಇಲ್ಲ. ಗೊತ್ತಾದ ವೇಗಕ್ಕೆ ಅಷ್ಟೇ ಸಾಕು.

ಭಾವನ ಬೋರ್ಡು ಇವೆರಡರ ನಡುವಿನದು. ವೇಗವನ್ನು ಹೆಚ್ಚಿಸಲು ಅದರಲ್ಲಿ ಅವಕಾಶವಿತ್ತು. ಹೆಚ್ಚಿಸಿದುದನ್ನು ತಾಳುವ ಶಕ್ತಿ ಇರಲಿಲ್ಲ. ಅನುಮತಿ ಬೇರೆ, ಸಾಮರ್ಥ್ಯ ಬೇರೆ. ಇದನ್ನು ಕೇಳಿದ ಮಾವನವರು ನಕ್ಕು, “ಹತ್ತು ಟನ್ನಿನ ಲಾರಿಗೆ ಹದಿನೈದು ಟನ್ನು ಹೇರಿದರೆ ಅದು ಅಂದೇ ಮುರಿಯುವುದಿಲ್ಲಪ್ಪ. ಎಂಜಿನ್ ಎಳೆಯುತ್ತದೆ, ಮಾಲೀಕ ಹಿಗ್ಗುತ್ತಾನೆ. ಆರು ತಿಂಗಳಿಗೆ ಗಾಡಿ ನಮ್ಮ ಷೆಡ್ಡಿಗೆ ಬರುತ್ತದೆ” ಎಂದರು. ನಾವು ಓದಿದ ಯಾವ ವಿವರಣೆಯೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಅವಕಾಶದ ವಿಷಯದಲ್ಲಿಯೂ ಎಲ್ಲ ಬೋರ್ಡುಗಳೂ ಸಮಾನವಲ್ಲ. ಇಂಟೆಲ್ ಪ್ರೊಸೆಸರುಗಳಲ್ಲಿ ಹೆಸರಿಗೆ ‘ಕೆ’ ಅಕ್ಷರ ಸೇರಿದವನ್ನು ‘ಝಡ್’ ಸಾಲಿನ ಚಿಪ್‌ಸೆಟ್ ಇರುವ ಬೋರ್ಡಿಗೆ ಜೋಡಿಸಿದರೆ ಮಿಡಿತದ ಗುಣಕವನ್ನು ಏರಿಸಬಹುದು. ಎ.ಎಂ.ಡಿ.ಯ ಬಿ650, ಎಕ್ಸ್670 ಚಿಪ್‌ಸೆಟ್ಟುಗಳಲ್ಲಿ ಈ ಅವಕಾಶವುಂಟು, ಎ620ರಲ್ಲಿ ಇಲ್ಲ. ಗುಣಕವನ್ನು ಮುಟ್ಟದವನಿಗೆ ಕೇವಲ ಆ ಅವಕಾಶಕ್ಕಾಗಿ ಹೆಚ್ಚು ಹಣ ತೆರುವುದು ವ್ಯರ್ಥ.

ಹಾಗೆಂದು ಓವರ್‌ಕ್ಲಾಕಿಂಗ್ ಹುಚ್ಚಾಟವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್, ಬಸ್ಸಿನ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದಾಗ, 300ರ ಬದಲು 450 ಮೆಗಾಹರ್ಟ್ಸಿನಲ್ಲಿ ಓಡಿತು. ಅನೇಕರು ಅಲ್ಪ ಹಣದಲ್ಲಿ ದುಬಾರಿ ಯಂತ್ರದ ಸುಖ ಕಂಡರು. ಆದರೆ ಆ ಕಾಲ ಬೇರೆ. ಇಂದಿನ ಪ್ರೊಸೆಸರುಗಳು ಶಾಖವನ್ನು ತಾವೇ ಅಳೆದು, ಅನುಕೂಲವಿದ್ದಾಗ ತಾವೇ ವೇಗವನ್ನು ಏರಿಸಿಕೊಳ್ಳುತ್ತವೆ. ಹಿಂಡಿ ತೆಗೆಯಲು ಉಳಿದಿರುವುದು ಸ್ವಲ್ಪವೇ. ಪ್ರಯೋಗಕ್ಕಾಗಿ ಪ್ರಯೋಗ ಮಾಡುವವನು, ಯಂತ್ರ ಕೆಟ್ಟರೂ ಮನೆಯ ಕೆಲಸ ನಿಲ್ಲದಂಥವನು, ಧಾರಾಳವಾಗಿ ಮಾಡಲಿ. ಅದರಿಂದ ಆತ ಕಲಿಯುವುದೂ ಉಂಟು.

ಆದರೆ ಮನೆಯಲ್ಲಿ ಒಂದೇ ಗಣಕವಿದ್ದು, ಅಣ್ಣನ ಅರ್ಜಿ, ತಂಗಿಯ ಪಾಠ, ತಂದೆಯ ಲೆಕ್ಕ ಎಲ್ಲವೂ ಅದರಲ್ಲಿಯೇ ನಡೆಯಬೇಕಾದಾಗ, ಅದರ ಮೊದಲ ಗುಣ ನಂಬಿಕೆಯೇ ಆಗಿರಬೇಕು. ಕನ್ನಡದಲ್ಲಿ ಒಂದು ಪ್ರಬಂಧವನ್ನು ಬೆರಳಚ್ಚು ಮಾಡಲು 360 ಕೋಟಿ ಮಿಡಿತಗಳೇ ಧಾರಾಳ. ಅಂಥವರು ದಿನಬಳಕೆಯ ಒಳ್ಳೆಯ ಬೋರ್ಡನ್ನು ಕೊಂಡು, ಉಳಿದ ಹಣದಲ್ಲಿ ಇನ್ನೊಂದು ರ‍್ಯಾಮ್ ತುಂಡನ್ನೋ, ಎಸ್.ಎಸ್.ಡಿ.ಯನ್ನೋ, ಒಂದು ಯು.ಪಿ.ಎಸ್ಸನ್ನೋ ಪಡೆಯುವುದು ಲೇಸು. ಕೊಳ್ಳುವಾಗ ರ‍್ಯಾಮಿಗೆ ಎಷ್ಟು ಸ್ಥಾನಗಳಿವೆ, ವಿ.ಆರ್.ಎಂ.ಗೆ ಶಾಖಹಾರಿ ಇದೆಯೇ, ಖಾತರಿ ಎಷ್ಟು ವರ್ಷದ್ದು ಎಂಬುದನ್ನು ನೋಡಿದರೆ ಸಾಕು. ಬಣ್ಣದ ದೀಪಗಳನ್ನು ಎಣಿಸಬೇಕಾಗಿಲ್ಲ. ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಮುಂದೆ ಗಣಕಗಳನ್ನು ತರಿಸುವಾಗಲೂ ಇದೇ ಅಳತೆಗೋಲು ಇರಲೆಂದು ಹಿರಿಯರಲ್ಲಿ ನಮ್ಮ ಬಿನ್ನಹ.

ಭಾವನಿಗೆ ಕಾಲೇಜಿನಲ್ಲಿ ಸ್ಥಾನ ದೊರೆಯಿತು. ಆತನ ಗಣಕ ಈಗ ತನ್ನ ಸಹಜವಾದ ವೇಗದಲ್ಲಿಯೇ ನಡೆಯುತ್ತಿದೆ. ಆ ಬಳಿಕ ಒಮ್ಮೆಯೂ ನಡುವೆ ನಿಂತಿಲ್ಲವಂತೆ.