ಅಮ್ಮನ 11 ಮಿಸ್ಡ್ ಕಾಲ್

ನಿಮ್ಮ ಫೋನಿನ ರಿಂಗ್‌ಟೋನ್ ಯಾವುದು? ಥಟ್ ಅಂತ ಹೇಳಿ ನೋಡೋಣ.

ಕಳೆದ ವಾರ ಆಫೀಸಿನಲ್ಲಿ ಊಟಕ್ಕೆ ಕೂತಾಗ ಇದನ್ನೇ ಕೇಳಿದೆ. ಆರು ಜನರಲ್ಲಿ ನಾಲ್ವರಿಗೆ ಗೊತ್ತೇ ಇರಲಿಲ್ಲ. "ಯಾವಾಗ್ಲೂ ಸೈಲೆಂಟಲ್ಲೇ ಇರುತ್ತಲ್ಲ ಮೇಡಂ" ಅಂದ ಒಬ್ಬ ಹುಡುಗ. ನಗು ಬಂತು. ನಾವು ರಿಂಗ್‌ಟೋನಿಗಾಗಿ ರಾತ್ರಿಯೆಲ್ಲ ಕೂತವರು!

2003ರಲ್ಲಿ ಇನ್‌ಕಮಿಂಗ್ ಕರೆ ಫ್ರೀ ಆಯ್ತು. ಅಲ್ಲಿವರೆಗೆ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಆ ವರ್ಷವೇ ಅಪ್ಪ ಸೆಕೆಂಡ್ ಹ್ಯಾಂಡ್ ನೋಕಿಯಾ 3310 ತಂದರು. ಮನೆಗೆಲ್ಲ ಒಂದೇ ಫೋನು. ಸಿಗ್ನಲ್ ಸಿಗೋದು ನಡುಮನೆಯ ಕಿಟಕಿಯಲ್ಲಿ ಮಾತ್ರ, ಹಾಗಾಗಿ ಅದರ ಜಾಗ ಅಲ್ಲೇ.

ಆ ಫೋನಿನಲ್ಲಿ 'ಕಂಪೋಸರ್' ಅಂತ ಒಂದಿತ್ತು. 1ರಿಂದ 7ರವರೆಗಿನ ಕೀಗಳೇ ಏಳು ಸ್ವರ. 8 ಒತ್ತಿದರೆ ಸ್ವರ ಗಿಡ್ಡ, 9 ಒತ್ತಿದರೆ ಉದ್ದ, 0 ಒತ್ತಿದರೆ ಮೌನ. ಒಂದು ಸಲಕ್ಕೆ ಒಂದೇ ಸ್ವರ ನುಡಿಯೋದು. ಸುಮ್ಮನೆ 1ರಿಂದ 7 ಒತ್ತಿಕೊಂಡು ಹೋದರೆ ಶಂಕರಾಭರಣ. ನಾನು ಎರಡು ವರ್ಷ ಸಂಗೀತದ ಪಾಠಕ್ಕೆ ಹೋಗಿದ್ದೆನಲ್ಲ, ನನಗೆ ಸರಳೆ ವರಸೆಯೇ ಬೇಕು. ಅದು ಮಾಯಾಮಾಳವಗೌಳ. ರಿ, ದ ಎರಡೂ ಅರ್ಧ ಮನೆ ಕೆಳಗೆ ಬರಬೇಕು. 1 ಒತ್ತಿ #, 5 ಒತ್ತಿ #... ಎರಡು ರಾತ್ರಿ ಹಿಡಿಯಿತು.

ಹಾಸ್ಟೆಲ್‌ಗೆ ಹೊರಡುವ ಹಿಂದಿನ ದಿನ ಅಲ್ಲಿನ ಕಾಯಿನ್ ಬೂತ್ ನಂಬರ್ ಸೇವ್ ಮಾಡಿ, ಅದಕ್ಕೆ ಮಾತ್ರ ಈ ಟ್ಯೂನ್ ಇಟ್ಟೆ. ಅಮ್ಮನಿಗೆ ಸ್ಕ್ರೀನ್ ಮೇಲಿನ ಇಂಗ್ಲಿಷ್ ಓದೋಕೆ ಬರ್ತಿರಲಿಲ್ಲ. ಆದರೆ ಸರಳೆ ವರಸೆ ಕೇಳಿದ ಕೂಡಲೇ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಓಡಿ ಬರ್ತಿದ್ದಳಂತೆ. ಬೇರೆ ಟ್ಯೂನ್ ಬಂದರೆ "ರೀ, ನಿಮ್ಮ ಫೋನು" ಅಂತ ಅಲ್ಲಿಂದಲೇ ಕೂಗು.

ಆಮೇಲೆ ಎಲ್ಲ ಬೇಗ ಬೇಗ ಬದಲಾಯ್ತು. 2006ರ ಕೊನೆಗೆ 'ಮುಂಗಾರು ಮಳೆ' ಬಂತು ನೋಡಿ, ಬಸ್ಸಿನಲ್ಲಿ ಒಂದು ಫೋನ್ ಹಾಡಿದರೆ ಹತ್ತು ಜನ ಜೇಬು ಮುಟ್ಟಿಕೊಳ್ಳೋರು. ಮೊಬೈಲ್ ಅಂಗಡಿಯವನು ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡೋನು. ಕಾಲರ್ ಟ್ಯೂನ್ ಹೆಸರಲ್ಲಿ ಅಪ್ಪನ ಬ್ಯಾಲೆನ್ಸ್ ತಿಂಗಳು ತಿಂಗಳು ಕೇಳದೇ ಖಾಲಿಯಾಗಿ, ಅವರು ನನ್ನ ಮೇಲೆ ರೇಗಿದ್ದೂ ಉಂಟು.

ಈಗ? ನನ್ನ ಫೋನೂ ಸೈಲೆಂಟೇ. ಬ್ಯಾಂಕಿನವರು, ಸಾಲ ಕೊಡ್ತೀವಿ ಅನ್ನೋರು, ಡೆಲಿವರಿಯವರು, ಯಾರ ಕರೆಗೆ ಅಂತ ಏಳೋದು?

ಹೋದ ತಿಂಗಳು ಒಂದು ಮೀಟಿಂಗ್ ಮುಗಿಸಿ ಮಗುಚಿಟ್ಟಿದ್ದ ಫೋನ್ ತಿರುಗಿಸಿದೆ. ಅಮ್ಮನ 11 ಮಿಸ್ಡ್ ಕಾಲ್. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಪಕ್ಕದ ಮನೆಯವರು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮುರಿದ ಮಣಿಕಟ್ಟಿಗೆ ಪ್ಲಾಸ್ಟರೂ ಆಗಿತ್ತು. ಅಮ್ಮ ಬೈಯಲಿಲ್ಲ. "ನೀನು ಬಿಜಿ ಇರ್ತೀಯ, ಗೊತ್ತು ಬಿಡು ಪುಟ್ಟಿ" ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ರಾತ್ರಿ ಸರಳೆ ವರಸೆ ನಾನೇ ಹಾಡಿ ರೆಕಾರ್ಡ್ ಮಾಡಿ, ಅಮ್ಮನ ನಂಬರಿಗೆ ಇಟ್ಟೆ. ಈಗಿನ ಫೋನುಗಳಲ್ಲಿ 'ಡು ನಾಟ್ ಡಿಸ್ಟರ್ಬ್' ಹಾಕಿದರೂ ಆಯ್ದ ಕೆಲವರ ಕರೆ ಮಾತ್ರ ಸದ್ದು ಮಾಡುವ ಹಾಗೆ ಸೆಟ್ ಮಾಡಬಹುದು. ಎರಡು ನಿಮಿಷದ ಕೆಲಸ, ನೀವೂ ಇವತ್ತೇ ಮಾಡಿ.

ಮೊನ್ನೆ ಮೀಟಿಂಗ್ ನಡುವೆ ನನ್ನದೇ ದನಿಯಲ್ಲಿ ಸ-ರಿ-ಗ-ಮ ಶುರುವಾಯ್ತು. ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ಹೊರಗೆ ಓಡಿದೆ.

"ಏನಿಲ್ಲ ಕಣೇ, ಸುಮ್ನೆ ಮಾಡ್ದೆ. ಊಟ ಆಯ್ತಾ?"

ಆಗಿರಲಿಲ್ಲ. ಆದರೂ ಆಯ್ತು ಅಂದೆ.